ಟಯರ್‌ಗೆ ಮೊದಲ ಜಾಗ: ಕಚ್ಚಾ ದಾರಿಯ ಸೈಕಲ್‌ಗೆ ಉಕ್ಕಿನ ಫ್ರೇಮ್ ಕಟ್ಟುವ ಕ್ರಮ

ಸ್ವಂತ ಕೈಯಿಂದ ಸೈಕಲ್ ಫ್ರೇಮ್ ಕಟ್ಟಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ತಲೆಕೆಡಿಸಿಕೊಳ್ಳುವುದು ಯಾವ ಕಂಪನಿಯ ಟ್ಯೂಬ್ ತರಿಸಬೇಕು, ಬೆಸುಗೆಯನ್ನು ಹಿತ್ತಾಳೆಯಲ್ಲಿ ಹಾಕಬೇಕೋ ಬೆಳ್ಳಿಯಲ್ಲೋ ಎಂಬುದರ ಬಗ್ಗೆ. ನಾನೂ ಹಾಗೆಯೇ ಆರಂಭಿಸಿದ್ದೆ. ಮೊದಲ ಫ್ರೇಮ್‌ನ ಮುಂಭಾಗವನ್ನು ವಾರಗಟ್ಟಲೆ ಕುಳಿತು ತಿದ್ದಿ ತಿದ್ದಿ ಬಿಡಿಸಿದೆ. ಹಿಂಭಾಗದ ಚೈನ್‌ಸ್ಟೇಗಳನ್ನು, ಅಂದರೆ ಪೆಡಲ್ ಕಡೆಯಿಂದ ಹಿಂಚಕ್ರದ ಅಚ್ಚಿನವರೆಗೆ ಹೋಗುವ ಎರಡು ಕೊಳವೆಗಳನ್ನು ಮಾತ್ರ ಕೊನೆಯ ಸಂಜೆ ಎರಡು ಗೆರೆ ಎಳೆದು ಮುಗಿಸಿಬಿಟ್ಟೆ. ಎಲ್ಲವನ್ನೂ ಬೆಸೆದ ಮೇಲೆ ಚಕ್ರ ಕೂರಿಸಿ ನೋಡಿದರೆ ಎಡಗಡೆ ಟಯರ್ ಸ್ಟೇಗೆ ತಾಗುತ್ತಿತ್ತು, ಬಲಗಡೆ ಚೈನ್‌ರಿಂಗ್‌ನ (ಪೆಡಲ್ ಬಳಿಯ ಹಲ್ಲುಚಕ್ರದ) ಹಲ್ಲುಗಳು ಉಕ್ಕನ್ನು ಕೆರೆಯುತ್ತಿದ್ದವು. ಸುತ್ತಿಗೆಯಿಂದ ಬಡಿದು ಸ್ಟೇಯಲ್ಲಿ ತಗ್ಗು ಮಾಡಿ ಹೇಗೋ ಸಂಭಾಳಿಸಿದೆ. ಮುಂದೆ ಬಿರುಕು ಬಿಟ್ಟದ್ದು ಆ ತಗ್ಗಿನಲ್ಲಿಯೇ. ಕಚ್ಚಾ ದಾರಿಯ ಸೈಕಲ್‌ನಲ್ಲಿ ಕಷ್ಟವಿರುವುದೆಲ್ಲ ಪೆಡಲ್ ತೋಳುಗಳ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್‌ನ ಹಿಂದಿನ ಅಂಗೈಯಗಲದ ಜಾಗದಲ್ಲಿ. ಆದ್ದರಿಂದ ಅದನ್ನು ಮೊದಲು ಬಿಡಿಸಬೇಕು, ಫ್ರೇಮ್‌ನ ಉಳಿದ ಭಾಗ ಅದಕ್ಕೆ ಹೊಂದಿಕೊಳ್ಳಬೇಕು. ಈ ಬರಹದ ಕ್ರಮವೂ ಅದೇ ಆಗಿದೆ.

ಹಿಂದಿನಿಂದ ಮುಂದಕ್ಕೆ ಹೋಗುವ ಈ ಕ್ರಮ ವಿಚಿತ್ರವೆನಿಸಬಹುದು, ಆದರೆ ಮೌಂಟನ್ ಬೈಕ್ ಹುಟ್ಟಿದ್ದೇ ದಪ್ಪ ಟಯರ್‌ಗೆ ಜಾಗ ಹುಡುಕುವ ಕೆಲಸದಿಂದ. ಇಂಗ್ಲೆಂಡಿನಲ್ಲಿ 1955ರಲ್ಲಿ ಸ್ಥಾಪನೆಯಾದ ರಫ್ ಸ್ಟಫ್ ಫೆಲೋಶಿಪ್‌ನ ಸದಸ್ಯರು ತೆಳು ಟಯರ್‌ನ ಪ್ರವಾಸಿ ಸೈಕಲ್‌ಗಳನ್ನೇ ಗುಡ್ಡಗಳ ಕಾಲುದಾರಿಗೆ ಒಯ್ಯುತ್ತಿದ್ದರು, ದಾರಿ ಕೆಟ್ಟಾಗ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಟಮಾಲ್ಪಾಯಿಸ್ ಬೆಟ್ಟದ ಸುತ್ತ ಓಡಾಡುತ್ತಿದ್ದ ಯುವಕರು ಶ್ವಿನ್ ಎಕ್ಸೆಲ್ಸಿಯರ್‌ನಂಥ ಹಳೆಯ ಭಾರದ ಸೈಕಲ್‌ಗಳನ್ನು ಗುಜರಿಯಿಂದ ಎತ್ತಿ ತರುತ್ತಿದ್ದುದಕ್ಕೆ ಮುಖ್ಯ ಕಾರಣ, ಎರಡು ಇಂಚಿಗಿಂತ ದಪ್ಪದ ಬಲೂನ್ ಟಯರ್ ಹಿಡಿಯುವ ಫ್ರೇಮ್ ಬೇರೆಲ್ಲೂ ಸಿಗುತ್ತಿರಲಿಲ್ಲ ಎಂಬುದೇ. 1976ರಲ್ಲಿ ಅಲ್ಲಿ ಶುರುವಾದ ಇಳಿಜಾರಿನ ಪಂದ್ಯಕ್ಕೆ ರಿಪ್ಯಾಕ್ ಎಂಬ ಹೆಸರು ಬಂದದ್ದು, ಒಮ್ಮೆ ಇಳಿದರೆ ಹಿಂದಿನ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿದ್ದುದರಿಂದ, ಮತ್ತೆ ಗ್ರೀಸ್ ತುಂಬದೆ ವಿಧಿಯಿರಲಿಲ್ಲವಾದ್ದರಿಂದ. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನಲ್ಲಿ ಹೊಸ ಫ್ರೇಮ್ ಕಟ್ಟಿದಾಗ ಕೋನಗಳನ್ನು ಹಳೆಯ ಶ್ವಿನ್‌ನಿಂದಲೇ ತೆಗೆದುಕೊಂಡರು, ಮುಂಚಕ್ರದ ಫೋರ್ಕ್ ಹಾಯುವ ಹೆಡ್ ಟ್ಯೂಬ್‌ನಿಂದ ಹಿಂಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್‌ವರೆಗೆ ಎರಡು ತೆಳು ಕೊಳವೆಗಳನ್ನು ಹೆಚ್ಚುವರಿಯಾಗಿ ಹಾಯಿಸಿ ಬಿಗಿ ಕೊಟ್ಟರು. ಟಾಮ್ ರಿಚಿಯ ಫ್ರೇಮ್‌ಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಿಂದ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗಿ ಬಂತು.

ಹಿಂಭಾಗದ ನಕ್ಷೆ

ನಕ್ಷೆಯನ್ನು ನಿಜವಾದ ಅಳತೆಯಲ್ಲಿಯೇ, ಒಂದಕ್ಕೊಂದು ಪ್ರಮಾಣದಲ್ಲಿ, ದೊಡ್ಡ ಕಾಗದದ ಮೇಲೆ ಬಿಡಿಸಬೇಕು. ಕಂಪ್ಯೂಟರ್‌ನಲ್ಲಿ ಬಿಡಿಸುವವರಿಗೆ ಬೈಕ್‌ಕ್ಯಾಡ್‌ನಂಥ ತಂತ್ರಾಂಶಗಳಿವೆ, ಆದರೂ ಹಿಂಭಾಗವನ್ನು ಮೇಲಿನಿಂದ ನೋಡಿದಂತೆ ಒಮ್ಮೆಯಾದರೂ ಕೈಯಿಂದ ಬಿಡಿಸಲೇಬೇಕು ಎಂಬುದು ನನ್ನ ಹಠ. ಪಕ್ಕದಿಂದ ನೋಡಿದ ಚಿತ್ರದಲ್ಲಿ ಎಲ್ಲ ಫ್ರೇಮ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ತೊಡಕು ತೋರುವುದು ಮೇಲಿನ ನೋಟದಲ್ಲಿ ಮಾತ್ರ.

ಮೊದಲು ಚಕ್ರವನ್ನು ಆರಿಸಿಕೊಳ್ಳಿ. ಟಯರ್ ಕೂರುವ ರಿಮ್‌ನ ವ್ಯಾಸ ಹಳೆಯ 26 ಇಂಚಿನ ಚಕ್ರಕ್ಕೆ 559 ಮಿ.ಮೀ., 27.5ಕ್ಕೆ 584 ಮಿ.ಮೀ., 29ಕ್ಕೆ 622 ಮಿ.ಮೀ. ಇಂಚಿನ ಲೆಕ್ಕ ಬರೀ ರೂಢಿಯ ಹೆಸರು. ನಕ್ಷೆಗೆ ಬೇಕಾದದ್ದು ಮಿಲಿಮೀಟರ್. ಇಲ್ಲಿ ಉದಾಹರಣೆಗೆ 29 ಇಂಚಿನ ಚಕ್ರಕ್ಕೆ 2.4 ಇಂಚಿನ ಟಯರ್ ಇಟ್ಟುಕೊಳ್ಳೋಣ. ಗಾಳಿ ತುಂಬಿದಾಗ ಅದರ ಅಗಲ ಸುಮಾರು 61 ಮಿ.ಮೀ., ಚಕ್ರದ ಒಟ್ಟು ತ್ರಿಜ್ಯ ಸುಮಾರು 370 ಮಿ.ಮೀ. ಚೈನ್‌ಸ್ಟೇಯ ಉದ್ದ 430 ಮಿ.ಮೀ. ಎಂದಾದರೆ ಟಯರ್‌ನ ಮುಂದಿನ ಅಂಚು ಬಾಟಮ್ ಬ್ರಾಕೆಟ್‌ನ ನಡುವಿನಿಂದ 60 ಮಿ.ಮೀ. ದೂರದಲ್ಲಿ ನಿಲ್ಲುತ್ತದೆ. ಬಾಟಮ್ ಬ್ರಾಕೆಟ್‌ನ ಕವಚವೇ ಸುಮಾರು 20 ಮಿ.ಮೀ. ತ್ರಿಜ್ಯ ನುಂಗುವುದರಿಂದ ನಡುವೆ ಉಳಿಯುವುದು 40 ಮಿ.ಮೀ.

ಈಗ ಚೈನ್‌ರಿಂಗ್ ಬಿಡಿಸಿ. 32 ಹಲ್ಲಿನ ರಿಂಗ್ ಹಿಂದಕ್ಕೆ ಸುಮಾರು 68 ಮಿ.ಮೀ. ಚಾಚಿಕೊಳ್ಳುತ್ತದೆ. ಹಿಂದಿನ ಹಬ್ 148 ಮಿ.ಮೀ. ಅಗಲದ್ದಾದರೆ ಚೈನ್ ಓಡುವ ಗೆರೆ ಫ್ರೇಮ್‌ನ ನಡುಗೆರೆಯಿಂದ ಸುಮಾರು 52 ಮಿ.ಮೀ. ಆಚೆ ಇರುತ್ತದೆ, ಚೈನ್‌ನ ಅರ್ಧ ದಪ್ಪವನ್ನೂ ಒಂದಿಷ್ಟು ಸಡಿಲವನ್ನೂ ಕಳೆದರೆ ಸ್ಟೇಯ ಹೊರಮೈ 48 ಮಿ.ಮೀ. ದಾಟುವಂತಿಲ್ಲ. ಅದೇ 68 ಮಿ.ಮೀ. ದೂರದಲ್ಲಿ ಟಯರ್ ಇನ್ನೂ ಪೂರ್ತಿ ಅಗಲವಾಗಿರುವುದಿಲ್ಲ, ಅದರ ದುಂಡು ಅಲ್ಲಿ ನಡುಗೆರೆಯಿಂದ ಸುಮಾರು 22 ಮಿ.ಮೀ. ಬರುತ್ತದೆ, ಕೆಸರಿಗೂ ಚಕ್ರ ಸ್ವಲ್ಪ ಓಲಾಡುವುದಕ್ಕೂ ಕನಿಷ್ಠ 6 ಮಿ.ಮೀ. ಬಿಟ್ಟರೆ ಸ್ಟೇಯ ಒಳಮೈ 28 ಮಿ.ಮೀ.ಗೆ ಮುಂಚೆ ಆರಂಭವಾಗುವಂತಿಲ್ಲ. ಅಂದರೆ ಸ್ಟೇಗೆ ಸಿಗುವ ಜಾಗ ಬರೀ 20 ಮಿ.ಮೀ. ಸಾಮಾನ್ಯವಾಗಿ ಸಿಗುವ 22.2 ಮಿ.ಮೀ. ದುಂಡು ಸ್ಟೇ ಅಲ್ಲಿ ಹಿಡಿಸುವುದಿಲ್ಲ. ಅದನ್ನು ಮುಂಚೆಯೇ ಅಂಡಾಕಾರಕ್ಕೆ ಚಪ್ಪಟೆ ಮಾಡಿರಬೇಕು ಅಥವಾ ಬಾಗಿಸಿರಬೇಕು.

ಸೈಕಲ್ ಚುರುಕಾಗಿ ತಿರುಗಲಿ ಎಂದು ಸ್ಟೇಯನ್ನು 420 ಮಿ.ಮೀ.ಗೆ ಇಳಿಸಿದರೆ ಏನಾಗುತ್ತದೆ ನೋಡಿ. ಟಯರ್ 10 ಮಿ.ಮೀ. ಮುಂದಕ್ಕೆ ಬರುತ್ತದೆ, 68ರ ಗೆರೆಯಲ್ಲಿ ಅದರ ಅರ್ಧ ಅಗಲ 28 ಮಿ.ಮೀ. ದಾಟುತ್ತದೆ, ಸ್ಟೇಗೆ ಉಳಿಯುವ ಜಾಗ 14 ಮಿ.ಮೀ.ಗಿಂತ ಕಡಿಮೆಯಾಗುತ್ತದೆ. ಉದ್ದದಲ್ಲಿ ಹತ್ತು ಉಳಿಸಿ ಅಗಲದಲ್ಲಿ ಆರು ಕಳೆದುಕೊಂಡ ಲೆಕ್ಕವಿದು. ಇದಕ್ಕೆ ಪರಿಹಾರಗಳಿಲ್ಲದಿಲ್ಲ. ಬಲಗಡೆ ಸ್ಟೇಯ ಮೊದಲ ಭಾಗಕ್ಕೆ ಕೊಳವೆಯ ಬದಲು ಗಟ್ಟಿ ಉಕ್ಕಿನ ತಗಡನ್ನು ಕೂರಿಸಬಹುದು, ಚೈನ್‌ರಿಂಗ್ ಚಿಕ್ಕದು ಮಾಡಬಹುದು, ಅಥವಾ ಚೈನ್ ಗೆರೆಯನ್ನು 55 ಮಿ.ಮೀ.ಗೆ ಸರಿಸಬಹುದು. 1980ರ ದಶಕದ ಕೊನೆಗೆ ಸ್ಟೇಯನ್ನೇ ಚೈನ್‌ಗಿಂತ ಮೇಲಕ್ಕೆತ್ತಿ ಸೀಟ್ ಟ್ಯೂಬ್‌ಗೆ ಸೇರಿಸುವ ವಿನ್ಯಾಸ ಕೆಲಕಾಲ ಮೆರೆಯಿತು. ಟಯರ್‌ಗೂ ರಿಂಗ್‌ಗೂ ಜಾಗವೇನೋ ಧಾರಾಳವಾಗಿ ಸಿಕ್ಕಿತು, ಆದರೆ ಬಾಟಮ್ ಬ್ರಾಕೆಟ್‌ಗೆ ಹಿಂದಿನಿಂದ ಆಸರೆ ತಪ್ಪಿ ಪೆಡಲ್ ಒತ್ತಿದಾಗಲೆಲ್ಲ ಅದು ಬಳುಕತೊಡಗಿತು. ಮೊದಲ ಫ್ರೇಮ್ ಕಟ್ಟುವವರಿಗೆ ನನ್ನ ಸಲಹೆ ಸರಳ: 435 ಮಿ.ಮೀ. ಇಟ್ಟುಕೊಳ್ಳಿ. ಸವಾರಿಯಲ್ಲಿ ಆ ವ್ಯತ್ಯಾಸವನ್ನು ಗುರುತಿಸಬಲ್ಲವರು, ಗುರುತಿಸುತ್ತೇವೆಂದು ಹೇಳಿಕೊಳ್ಳುವವರಿಗಿಂತ ಬಹಳ ಕಡಿಮೆ.

ಪೆಡಲ್ ಹಿಡಿದ ಕ್ರ್ಯಾಂಕ್‌ನ ತೋಳು ಸುತ್ತುವ ದಾರಿಯನ್ನೂ ಹಿಮ್ಮಡಿ ಹಾಯುವ ಜಾಗವನ್ನೂ ಇದೇ ನಕ್ಷೆಯಲ್ಲಿ ಗುರುತಿಸಿ. ಸ್ಟೇ ಟಯರ್‌ನ ಪೂರ್ತಿ ಅಗಲಕ್ಕೆ ಬಾಗಿ ಹೊರಬರುವುದು ಬಾಟಮ್ ಬ್ರಾಕೆಟ್‌ನಿಂದ ಸುಮಾರು 90 ಮಿ.ಮೀ. ಹಿಂದೆ, ಹಿಮ್ಮಡಿ ತಾಗುವುದು ಅದಕ್ಕಿಂತ ಹಿಂದಕ್ಕೆ. ಆದ್ದರಿಂದ ಬಾಗು ಎಷ್ಟು ಮುಂದೆ ಮುಗಿದರೆ ಅಷ್ಟು ಒಳ್ಳೆಯದು.

ಸವಾರ ಮತ್ತು ಮುಂಭಾಗ

ಹಿಂಭಾಗ ನಿಂತ ಮೇಲೆ ನೆಲದ ಗೆರೆ ಎಳೆದು ಬಾಟಮ್ ಬ್ರಾಕೆಟ್‌ನ ಎತ್ತರ ನಿರ್ಧರಿಸಿ. ಎರಡು ಅಚ್ಚುಗಳ ಗೆರೆಗಿಂತ ಅದು 60 ಮಿ.ಮೀ. ಕೆಳಗಿದ್ದರೆ ನೆಲದಿಂದ 310 ಮಿ.ಮೀ. ಎತ್ತರ ಸಿಗುತ್ತದೆ, 170 ಮಿ.ಮೀ. ಕ್ರ್ಯಾಂಕ್ ಹಾಕಿದರೆ ಪೆಡಲ್‌ನ ಅಚ್ಚು ಅತ್ಯಂತ ಕೆಳಗೆ ಬಂದಾಗ ನೆಲದಿಂದ 140 ಮಿ.ಮೀ. ಮೇಲಿರುತ್ತದೆ. ಬಂಡೆ ಬೇರುಗಳ ದಾರಿಯಾದರೆ ಇದನ್ನು ಇನ್ನೂ ಎತ್ತರಿಸುವ ಬದಲು 165ರ ಕ್ರ್ಯಾಂಕ್ ಹಾಕುವುದು ನನಗೆ ಹಿಡಿಸಿದ ದಾರಿ.

ಸೀಟು ಮತ್ತು ಹ್ಯಾಂಡಲ್‌ನ ಜಾಗಗಳನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಡಿ. ಈಗಾಗಲೇ ಓಡಿಸಿ ಹಿತವೆನಿಸಿದ ಸೈಕಲ್ ಒಂದನ್ನು ಗೋಡೆಗೊರಗಿಸಿ, ಬಾಟಮ್ ಬ್ರಾಕೆಟ್‌ನಿಂದ ಸೀಟಿನ ಮೇಲ್ಮೈಗೆ, ಹೆಡ್ ಟ್ಯೂಬ್‌ನ ಮೇಲ್ತುದಿಯ ನಡುಬಿಂದುವಿಗೆ ಅಡ್ಡವಾಗಿ ಮತ್ತು ನೇರವಾಗಿ ಇರುವ ದೂರಗಳನ್ನು ತೂಗುದಾರ ಹಿಡಿದು ಅಳೆಯಿರಿ. ಅಡ್ಡ ದೂರಕ್ಕೆ ರೀಚ್ ಎಂದೂ ನೇರ ಎತ್ತರಕ್ಕೆ ಸ್ಟ್ಯಾಕ್ ಎಂದೂ ಹೆಸರು. ಇವೆರಡೂ ತಿಳಿದರೆ ಸೀಟ್ ಟ್ಯೂಬ್‌ನ ಕೋನದಿಂದ ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಟಾಪ್ ಟ್ಯೂಬ್‌ನ ಅಡ್ಡ ಉದ್ದ ಸಿಗುತ್ತದೆ: ರೀಚ್ 460, ಸ್ಟ್ಯಾಕ್ 630, ಸೀಟ್ ಕೋನ 75 ಡಿಗ್ರಿ ಇದ್ದರೆ 630ನ್ನು 75ರ ಟ್ಯಾಂಜೆಂಟ್‌ನಿಂದ ಭಾಗಿಸಿ ಬಂದ 169ನ್ನು 460ಕ್ಕೆ ಕೂಡಿ, 629 ಮಿ.ಮೀ. ಸೀಟ್ ಕೋನ ಒಂದೇ ಡಿಗ್ರಿ ಇಳಿದು 74 ಆದರೆ ಅದೇ ಉದ್ದ 641 ಆಗುತ್ತದೆ. ಟಾಪ್ ಟ್ಯೂಬ್‌ನ ಉದ್ದವೊಂದನ್ನೇ ಹೋಲಿಸಿ ಎರಡು ಫ್ರೇಮ್‌ಗಳನ್ನು ಅಳೆಯುವವರು ಮೋಸಹೋಗುವುದು ಇಲ್ಲಿಯೇ.

ಹೆಡ್ ಟ್ಯೂಬ್‌ನ ಕೋನದ ವಿಷಯದಲ್ಲಿ ಕಾಲಕಾಲಕ್ಕೆ ಅಭಿರುಚಿ ಬಹಳ ಬದಲಾಗಿದೆ. 1990ರ ಸುಮಾರಿನ ಅಮೆರಿಕದ ಪಂದ್ಯದ ಸೈಕಲ್‌ಗಳಲ್ಲಿ 71 ಡಿಗ್ರಿ ಹೆಡ್, 73 ಡಿಗ್ರಿ ಸೀಟ್ ಎಂಬುದು ಹೆಚ್ಚುಕಡಿಮೆ ಧರ್ಮಸೂತ್ರವಾಗಿತ್ತು. ಆ ದಶಕದ ಕೊನೆಗೆ ಗ್ಯಾರಿ ಫಿಶರ್ ಹೆಸರಿನ ಸೈಕಲ್‌ಗಳು ಟಾಪ್ ಟ್ಯೂಬ್ ಉದ್ದ ಮಾಡಿ ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಗಿಡ್ಡ ಮಾಡಿದಾಗ ಹಲವರು ಮೂಗು ಮುರಿದರು. ಇಂದಿನ ಫ್ರೇಮ್‌ಗಳು ಅದೇ ದಿಕ್ಕಿನಲ್ಲಿ ಇನ್ನೂ ಬಹುದೂರ ಸಾಗಿವೆ. ಕೋನಕ್ಕಿಂತ ಮುಖ್ಯವಾದದ್ದು ಟ್ರೇಲ್, ಅಂದರೆ ಸ್ಟಿಯರಿಂಗ್ ಅಚ್ಚಿನ ಗೆರೆ ನೆಲವನ್ನು ಮುಟ್ಟುವ ಬಿಂದುವಿಗಿಂತ ಟಯರ್ ನೆಲವನ್ನು ಮುಟ್ಟುವ ಬಿಂದು ಎಷ್ಟು ಹಿಂದಿದೆ ಎಂಬ ಅಳತೆ. ಚಕ್ರದ ತ್ರಿಜ್ಯವನ್ನು ಕೋನದ ಕೊಸೈನ್‌ನಿಂದ ಗುಣಿಸಿ, ಫೋರ್ಕ್‌ನ ಆಫ್‌ಸೆಟ್ (ಸ್ಟಿಯರಿಂಗ್ ಗೆರೆಗಿಂತ ಚಕ್ರದ ಅಚ್ಚು ಮುಂದಿರುವ ದೂರ) ಕಳೆದು, ಉಳಿದದ್ದನ್ನು ಕೋನದ ಸೈನ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ತ್ರಿಜ್ಯ 370, ಆಫ್‌ಸೆಟ್ 44 ಇದ್ದಾಗ 71 ಡಿಗ್ರಿಗೆ ಟ್ರೇಲ್ 81 ಮಿ.ಮೀ., 66 ಡಿಗ್ರಿಗೆ 117 ಮಿ.ಮೀ. ಮೊದಲನೆಯದು ನಿಧಾನದ ಏರಿನಲ್ಲಿ ಹೇಳಿದಂತೆ ಕೇಳುತ್ತದೆ. ಎರಡನೆಯದು ಕಡಿದಾದ ಇಳಿಜಾರಿನಲ್ಲಿ ಹಿಡಿದ ದಾರಿ ಬಿಡುವುದಿಲ್ಲ, ಆದರೆ ಏರಿನಲ್ಲಿ ಮುಂಚಕ್ರ ಅತ್ತಿತ್ತ ಹೊರಳುತ್ತದೆ. ಎರಡೂ ಬಗೆಯ ದಾರಿಗೆ ಒಂದೇ ಸೈಕಲ್ ಎನ್ನುವವರು 67 ಅಥವಾ 68 ಡಿಗ್ರಿಯಲ್ಲಿ ನಿಲ್ಲುವುದು ಕ್ಷೇಮ.

ಸಸ್ಪೆನ್ಷನ್ ಫೋರ್ಕ್ ಹಾಕುವುದಿದ್ದರೆ ಇನ್ನೊಂದು ಎಚ್ಚರ ಅಗತ್ಯ. 120 ಮಿ.ಮೀ. ಆಟದ ಫೋರ್ಕ್‌ನ ಅಚ್ಚಿನಿಂದ ಅದರ ಎರಡು ಕಾಲುಗಳು ಮೇಲೆ ಸೇರುವ ಕ್ರೌನ್‌ವರೆಗಿನ ಉದ್ದ ಸುಮಾರು 530 ಮಿ.ಮೀ., ಆದರೆ ಸವಾರ ಕುಳಿತಾಗ ಅದು 25 ಮಿ.ಮೀ. ಆಸುಪಾಸು ಕುಸಿಯುತ್ತದೆ. ಆಗ ಹೆಡ್ ಕೋನ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಕಡಿದಾಗುತ್ತದೆ, ಬಾಟಮ್ ಬ್ರಾಕೆಟ್ ಸುಮಾರು 9 ಮಿ.ಮೀ. ಕೆಳಗಿಳಿಯುತ್ತದೆ. ಸವಾರಿ ನಡೆಯುವುದು ಕುಸಿದ ಸ್ಥಿತಿಯಲ್ಲಿ, ಆದ್ದರಿಂದ ಕೋನಗಳನ್ನೂ ಎತ್ತರವನ್ನೂ ಆ ಸ್ಥಿತಿಯಲ್ಲಿಯೇ ಬಿಡಿಸಬೇಕು. ಫೋರ್ಕನ್ನು ಕೊಂಡು ತನ್ನಿ. ಮೊದಲ ಯತ್ನದಲ್ಲಿ ಅದನ್ನು ಸ್ವತಃ ಕಟ್ಟಬೇಡಿ, ಏಕೆಂದರೆ ಫ್ರೇಮ್‌ನ ಬಿರುಕು ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುತ್ತದೆ, ಮುರಿದ ಫೋರ್ಕ್ ನೇರವಾಗಿ ಮುಖಕ್ಕೇ ಕೆಡವುತ್ತದೆ.

ಟ್ಯೂಬ್‌ಗಳು

ರೆನಾಲ್ಡ್ಸ್ ಹೆಸರಿನವರು ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳುವಾಗಿರುವ ಬಟೆಡ್ ಟ್ಯೂಬ್‌ಗೆ ಪೇಟೆಂಟ್ ಪಡೆದದ್ದು 1897ರಲ್ಲಿ, ಪ್ರಸಿದ್ಧ 531 ಉಕ್ಕು ಬಂದದ್ದು 1935ರಲ್ಲಿ. ಇಟಲಿಯ ಕೊಲಂಬಸ್ 1919ರಿಂದ ಇದೆ. ಹೆಸರುಗಳ ಮೋಹ ನನಗೂ ಉಂಟು. ಆದರೆ ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಬೇಕು: ಅಗ್ಗದ ಉಕ್ಕಾಗಲಿ ದುಬಾರಿ ಉಕ್ಕಾಗಲಿ, ಬಾಗುವಿಕೆಯನ್ನು ತಡೆಯುವ ಗುಣ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ದುಬಾರಿ ಉಕ್ಕಿಗೆ ಇರುವುದು ಹೆಚ್ಚಿನ ಬಲ, ಆ ಬಲದಿಂದ ಗೋಡೆಯನ್ನು ತೆಳು ಮಾಡಬಹುದು, ಅಷ್ಟೇ. ಬಿಗಿತವನ್ನು ನಿರ್ಧರಿಸುವುದು ವ್ಯಾಸ. ತೆಳುಗೋಡೆಯ ಕೊಳವೆಯ ಬಿಗಿತ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇಟ್ಟು 28.6 ಮಿ.ಮೀ. ಟ್ಯೂಬನ್ನು 31.8ಕ್ಕೆ ಏರಿಸಿದರೆ ತೂಕ ನೂರಕ್ಕೆ 11ರಷ್ಟು ಹೆಚ್ಚುತ್ತದೆ, ಬಿಗಿತ ನೂರಕ್ಕೆ 37ರಷ್ಟು.

ಮಧ್ಯಮ ತೂಕದ ಸವಾರನ ಕಚ್ಚಾ ದಾರಿಯ ಸೈಕಲ್‌ಗೆ 35 ಮಿ.ಮೀ. ವ್ಯಾಸದ, 0.8/0.5/0.8 ಮಿ.ಮೀ. ಗೋಡೆಯ ಡೌನ್ ಟ್ಯೂಬ್ (ಹೆಡ್ ಟ್ಯೂಬ್‌ನಿಂದ ಬಾಟಮ್ ಬ್ರಾಕೆಟ್‌ಗೆ ಇಳಿಯುವುದು), 28.6 ಅಥವಾ 31.8ರ ಟಾಪ್ ಟ್ಯೂಬ್, 44 ಮಿ.ಮೀ. ಒಳವ್ಯಾಸದ ಹೆಡ್ ಟ್ಯೂಬ್ ಸಾಕು. ಭಾರದ ಸವಾರನಾದರೆ ಡೌನ್ ಟ್ಯೂಬ್ 38.1 ಇರಲಿ. ಸವಾರಿಯ ನಡುವೆ ಸೀಟನ್ನು ಇಳಿಸುವ ಡ್ರಾಪರ್ ಪೋಸ್ಟ್ ಬೇಕಿದ್ದರೆ ಸೀಟ್ ಟ್ಯೂಬನ್ನು ಅದರ ಅಳತೆಗೆ ಆರಿಸಬೇಕು, 27.2ರ ಪೋಸ್ಟ್‌ಗೆ ಹೊಂದುವ ತೆಳು ಟ್ಯೂಬ್ ಬೆಸೆದ ಮೇಲೆ ಮನಸ್ಸು ಬದಲಿಸಿ ಪ್ರಯೋಜನವಿಲ್ಲ.

ಕತ್ತರಿಸುವುದು, ಬೆಸೆಯುವುದು

ಬಟೆಡ್ ಟ್ಯೂಬ್‌ನ ದಪ್ಪ ಭಾಗ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕತ್ತರಿಸುವ ಮೊದಲೇ ಮಾರ್ಕರ್‌ನಿಂದ ಹೊರಗೆ ಗುರುತು ಮಾಡಿ. ಎರಡೂ ತುದಿಯ ದಪ್ಪ ಭಾಗಗಳ ಉದ್ದ ಒಂದೇ ಇರುವುದಿಲ್ಲ. ತಪ್ಪು ತುದಿಯಿಂದ ಕತ್ತರಿಸಿದರೆ ಬೆಸುಗೆಯ ಬಿಸಿ ತೆಳುಗೋಡೆಯ ಮೇಲೆ ಬೀಳುತ್ತದೆ.

ಒಂದು ಟ್ಯೂಬ್‌ನ ತುದಿ ಇನ್ನೊಂದರ ದುಂಡಿಗೆ ಕೂರುವಂತೆ ಕೊರೆಯುವ ಕೆಲಸಕ್ಕೆ ಯಂತ್ರ ಬೇಕೇಬೇಕೆಂದಿಲ್ಲ. ಕೋನಕ್ಕೆ ತಕ್ಕ ಕಾಗದದ ಪಡಿಯಚ್ಚನ್ನು ಟ್ಯೂಬ್‌ಗೆ ಸುತ್ತಿ ಗೆರೆ ಎಳೆದು, ಗರಗಸದಿಂದ ಹೆಚ್ಚಿನದನ್ನು ತೆಗೆದು, ಅರೆದುಂಡು ಅರದಿಂದ ಉಜ್ಜುತ್ತಾ ಹೋದರೆ ಸಾಕು. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದಾಗ ಎಲ್ಲೂ ಬೆಳಕು ತೂರಬಾರದು. ಬೆಸುಗೆ ತುಂಬಿಕೊಳ್ಳುತ್ತದೆ ಎಂದು ಸಂದು ಬಿಟ್ಟವರ ಫ್ರೇಮ್ ತಣಿಯುವಾಗ ಆ ಸಂದಿನ ಕಡೆಗೇ ಎಳೆದುಕೊಂಡು ಸೊಟ್ಟಗಾಗುತ್ತದೆ. ಒಂದು ಕೀಲಿಗೆ ಒಂದು ಗಂಟೆ ಹಿಡಿದರೂ ಬೇಸರ ಬೇಡ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಇದೇ.

ಬೆಳ್ಳಿ ಬೆಸುಗೆ ಲಗ್ ಇರುವ, ಅಂದರೆ ಟ್ಯೂಬ್‌ನ ತುದಿ ಲೋಹದ ತೋಳಿನೊಳಗೆ ಕೂರುವ ಕೀಲುಗಳಿಗೆ. ನೂರಕ್ಕೆ 56 ಭಾಗ ಬೆಳ್ಳಿಯಿರುವ ಕಡ್ಡಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಕರಗಿ ಕೂದಲೆಳೆಯ ಸಂದಿನೊಳಕ್ಕೆ ತಾನೇ ಹರಿಯುತ್ತದೆ. ಲಗ್ ಇಲ್ಲದ ಕೀಲಿಗೆ ಹಿತ್ತಾಳೆಯ ದಪ್ಪ ಏಣು ಕಟ್ಟಬೇಕು, ಅದಕ್ಕೆ 900 ಡಿಗ್ರಿಯ ಆಸುಪಾಸು ಬಿಸಿ ಬೇಕು. ಕಚ್ಚಾ ದಾರಿಯ ಫ್ರೇಮ್‌ನ ಕೋನಗಳಿಗೆ ತಕ್ಕ ಲಗ್‌ಗಳು ಸುಲಭವಾಗಿ ಸಿಗದ ಕಾರಣ ಹಿತ್ತಾಳೆಯೇ ಹೆಚ್ಚು ಬಳಕೆಯಲ್ಲಿದೆ. ತಾಮ್ರದ ಪೈಪುಗಳಿಗೆ ಬಳಸುವ ರಂಜಕ ಬೆರೆತ ಕಡ್ಡಿಯನ್ನು ಉಕ್ಕಿಗೆ ಎಂದೂ ಬಳಸಬೇಡಿ, ಆ ಕೀಲು ಪೆಡಸಾಗಿ ಒಡೆಯುತ್ತದೆ. ಬೆಳ್ಳಿಯ ಕಡ್ಡಿ ಕ್ಯಾಡ್ಮಿಯಂ ಇಲ್ಲದ್ದಾಗಿರಲಿ, ಏಕೆಂದರೆ ಅದರ ಹೊಗೆ ಪ್ರಾಣಾಪಾಯ ತರಬಲ್ಲದು. ಹಿತ್ತಾಳೆಯನ್ನು ಮಿತಿಮೀರಿ ಕಾಯಿಸಿದರೆ ಏಳುವ ಸತುವಿನ ಹೊಗೆಯೂ ಜ್ವರ ತರಿಸುತ್ತದೆ. ಗಾಳಿ ಆಡುವಲ್ಲಿ ಮಾತ್ರ ಕೆಲಸ ಮಾಡಿ.

ಬೆಸೆಯುವ ಮೈಯನ್ನು ಹೊಳೆಯುವಂತೆ ಉಜ್ಜಿ, ಎಣ್ಣೆಯಂಶ ತೆಗೆದು, ಒಳಗೂ ಹೊರಗೂ ಬೆಸುಗೆ ಹರಿಯಲು ನೆರವಾಗುವ ಫ್ಲಕ್ಸ್ ಬಳಿಯಿರಿ. ಜ್ವಾಲೆಯನ್ನು ಕಡ್ಡಿಗೆ ಹಿಡಿಯಬಾರದು, ಉಕ್ಕಿಗೆ ಹಿಡಿಯಬೇಕು; ಉಕ್ಕಿನ ಬಿಸಿಯಿಂದಲೇ ಕಡ್ಡಿ ಕರಗಬೇಕು. ಬಾಟಮ್ ಬ್ರಾಕೆಟ್‌ನ ಕವಚದಂಥ ದಪ್ಪ ಭಾಗವನ್ನು ಮೊದಲು ಕಾಯಿಸಿ, ತೆಳು ಟ್ಯೂಬ್ ಕೊನೆಗೆ ಬಿಸಿಯಾಗಲಿ. ಫ್ಲಕ್ಸ್ ಗಾಜಿನಂತೆ ತಿಳಿಯಾದರೆ ಹೊತ್ತು ಬಂತೆಂದು ಅರ್ಥ, ಕಪ್ಪಾದರೆ ಅದು ಸುಟ್ಟುಹೋಗಿದೆ. ಅಲ್ಲಿಗೆ ನಿಲ್ಲಿಸಿ, ತಣಿಸಿ, ಮತ್ತೆ ಉಜ್ಜಿಕೊಳ್ಳಿ. ಎರಡೂ ಕಡೆ ಮುಚ್ಚಿಹೋಗುವ ಸ್ಟೇಗಳಿಗೆ ಗಾಳಿ ಹೊರಹೋಗಲು ಚಿಕ್ಕ ತೂತು ಕೊರೆಯುವುದನ್ನು ಮರೆತರೆ ಒಳಗಿನ ಗಾಳಿ ಕಾದು ಹಿಗ್ಗಿ ಕರಗಿದ ಬೆಸುಗೆಯನ್ನು ಊದಿ ಹೊರದಬ್ಬುತ್ತದೆ.

ನಾನು ಅನುಸರಿಸುವ ಸರದಿ ಹೀಗಿದೆ: ಮೊದಲು ಸೀಟ್ ಟ್ಯೂಬನ್ನು ಬಾಟಮ್ ಬ್ರಾಕೆಟ್‌ಗೆ, ಆಮೇಲೆ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್, ಮುಂದೆ ಟಾಪ್ ಟ್ಯೂಬ್, ನಂತರ ಚೈನ್‌ಸ್ಟೇಗಳು, ಸೀಟ್‌ಸ್ಟೇಗಳು (ಸೀಟಿನ ಕೆಳಗಿನಿಂದ ಹಿಂದಿನ ಅಚ್ಚಿಗೆ ಇಳಿಯುವವು), ಕಟ್ಟಕಡೆಗೆ ಡಿಸ್ಕ್ ಬ್ರೇಕ್ ಕೂರುವ ಮೌಂಟ್ ಮತ್ತು ಕೇಬಲ್ ಹಿಡಿಕೆಗಳು. ಎಲ್ಲವನ್ನೂ ಜಿಗ್‌ನಲ್ಲಿ (ಹಿಡಿದಿಡುವ ಚೌಕಟ್ಟಿನಲ್ಲಿ) ಬಿಗಿದು ಚುಕ್ಕೆ ಬೆಸುಗೆ ಹಾಕಿ, ಹೊರತೆಗೆದು, ನೇರವಿದೆಯೇ ಎಂದು ನೋಡಿದ ಮೇಲೆಯೇ ಪೂರ್ತಿ ಬೆಸೆಯಬೇಕು. ಡಿಸ್ಕ್ ಬ್ರೇಕ್‌ನ ಬಲವೆಲ್ಲ ಎಡಗಡೆಯ ಸ್ಟೇಗಳ ಮೇಲೆ ಬೀಳುವುದರಿಂದ ಅಲ್ಲಿ ಚೈನ್‌ಸ್ಟೇ ಮತ್ತು ಸೀಟ್‌ಸ್ಟೇಗಳ ನಡುವೆ ಒಂದು ಅಡ್ಡಪಟ್ಟಿ ಇದ್ದರೆ ಒಳ್ಳೆಯದು.

ಬೆಸುಗೆಯ ನಂತರ

ಫ್ಲಕ್ಸ್ ಬಿಸಿನೀರಿನಲ್ಲಿ ನೆನೆಸಿದರೆ ತಾನೇ ಬಿಡುತ್ತದೆ. ಸುತ್ತಿಗೆ ಉಳಿ ಬೇಡ. ಹಿಂಭಾಗ ನೇರವಿದೆಯೇ ಎಂದು ನೋಡಲು ಒಂದು ದಾರವೇ ಸಾಕು. ಒಂದು ಡ್ರಾಪ್‌ಔಟ್‌ನಿಂದ ಹೊರಟು ಹೆಡ್ ಟ್ಯೂಬನ್ನು ಸುತ್ತಿ ಇನ್ನೊಂದು ಡ್ರಾಪ್‌ಔಟ್‌ಗೆ ದಾರವನ್ನು ಬಿಗಿಯಾಗಿ ಕಟ್ಟಿ, ಸೀಟ್ ಟ್ಯೂಬ್‌ನ ಎರಡೂ ಬದಿಯಲ್ಲಿ ದಾರಕ್ಕಿರುವ ದೂರವನ್ನು ಅಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸವನ್ನು ಕೈಯಿಂದಲೇ ಎಳೆದು ಸರಿಪಡಿಸಬಹುದು, ಉಕ್ಕು ಅಷ್ಟನ್ನು ಸಹಿಸುತ್ತದೆ. ಹೆಡ್ ಟ್ಯೂಬ್ ಬಿಸಿಗೆ ಸ್ವಲ್ಪ ಅಂಡಾಕಾರಕ್ಕೆ ತಿರುಗಿರುತ್ತದೆ. ರೀಮರ್‌ನಿಂದ ಒಳಮೈ ಸರಿಮಾಡಿಸಿ, ಎರಡೂ ಅಂಚುಗಳನ್ನು ಸಮಾಂತರ ಮಾಡಿಸಬೇಕು. ಬಾಟಮ್ ಬ್ರಾಕೆಟ್‌ನ ಮರೆಗಳನ್ನು (ತಿರುಪಿನ ಗೆರೆಗಳನ್ನು) ಮತ್ತೆ ಹಾಯಿಸುವಾಗ ಇಂಗ್ಲಿಷ್ ಅಳತೆಯ ಕವಚದಲ್ಲಿ ಬಲಗಡೆಯದು ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು ಎಂಬುದು ನೆನಪಿರಲಿ. ಸೀಟ್ ಟ್ಯೂಬ್‌ನ ಸೀಳಿನ ಕೊನೆಯಲ್ಲಿ ಒಂದು ದುಂಡು ತೂತು ಕೊರೆದಿಡಿ, ಚೂಪು ಕೊನೆಯಿಂದಲೇ ಬಿರುಕು ಹೊರಡುತ್ತದೆ.

ಬಣ್ಣಕ್ಕೆ ಆತುರಪಡಬೇಡಿ. ಫ್ರೇಮ್‌ಗೆ ಎಣ್ಣೆ ಸವರಿ ಒಂದು ತಿಂಗಳು ಹಾಗೆಯೇ ಓಡಿಸಿ, ಮೊದಮೊದಲು ಸಮತಟ್ಟು ದಾರಿಯಲ್ಲಿ, ಆಮೇಲೆ ಬಂಡೆಗಳ ಮೇಲೆ. ಪ್ರತಿ ಸವಾರಿಯ ನಂತರ ಹೆಡ್ ಟ್ಯೂಬ್‌ನ ಹಿಂದೆ ಡೌನ್ ಟ್ಯೂಬ್‌ನ ಕೆಳಮೈ, ಬಾಟಮ್ ಬ್ರಾಕೆಟ್‌ನ ಹಿಂದೆ ಎರಡೂ ಸ್ಟೇಗಳ ಬುಡ, ಬ್ರೇಕ್ ಮೌಂಟ್‌ನ ಸುತ್ತ, ಈ ಮೂರು ಕಡೆ ಬಟ್ಟೆಯಿಂದ ಒರೆಸಿ ಬೆಳಕು ಹಿಡಿದು ನೋಡಿ. ಬೆಸುಗೆಯ ಅಂಚಿಗೆ ಸಮಾಂತರವಾಗಿ ಕೂದಲಿನಂಥ ತುಕ್ಕುಗೆರೆ ಕಂಡರೆ ಅದು ಗೀರಲ್ಲ, ಬಿರುಕು. ಆ ಫ್ರೇಮನ್ನು ಅಂದೇ ಗೋಡೆಗೆ ತೂಗುಹಾಕಿ.